ಮಾಡಿ ತೋರಿಸುವ ಭಾಷಣಕ್ಕೆ ವಿಷಯ ಯಾವುದು?

ಪದವಿ ತರಗತಿಗಳಲ್ಲಿ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸವನ್ನು ಕೊಡುವುದುಂಟು. ಯಾವುದಾದರೂ ಒಂದು ಕೆಲಸವನ್ನು ಮಾಡುವ ಬಗೆ ಹೇಗೆಂಬುದನ್ನು ಸಹಪಾಠಿಗಳ ಮುಂದೆ ನಿಂತು, ಸಾಧ್ಯವಾದಷ್ಟು ಮಾಡಿಯೇ ತೋರಿಸುತ್ತ, ಐದು ನಿಮಿಷಗಳಲ್ಲಿ ವಿವರಿಸಬೇಕು. ಪ್ರಾತ್ಯಕ್ಷಿಕೆ ಎಂಬ ಹೆಸರು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ನೋಡುವುದಕ್ಕೆ ಇದು ಸುಲಭವಾದ ಕೆಲಸ. ಆದರೆ ತುಮಕೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಾವು ಕೆಲವು ವರ್ಷಗಳಿಂದ ಕಂಡಿರುವ ಮಟ್ಟಿಗೆ, ವಿದ್ಯಾರ್ಥಿಗಳು ತೊಡಕಿಗೆ ಸಿಕ್ಕುವುದು ಮಾತನಾಡುವ ದಿನಕ್ಕಿಂತ ಒಂದು ವಾರ ಮೊದಲು, ವಿಷಯವನ್ನು ಆರಿಸಿಕೊಳ್ಳುವಾಗ.

ಕಳೆದ ಬಾರಿ ನಮ್ಮ ಕೈಗೆ ಬಂದ ಪಟ್ಟಿಯಲ್ಲಿ ಇಂಥ ವಿಷಯಗಳಿದ್ದುವು: ರಾಕೆಟ್ಟನ್ನು ಹಾರಿಸುವುದು ಹೇಗೆ, ಕೃತಕ ಬುದ್ಧಿಮತ್ತೆಯನ್ನು ಬಳಸುವುದು ಹೇಗೆ, ಷೇರು ಪೇಟೆಯಲ್ಲಿ ಹಣ ಗಳಿಸುವುದು ಹೇಗೆ, ಜೀವನದಲ್ಲಿ ಯಶಸ್ಸನ್ನು ಪಡೆಯುವುದು ಹೇಗೆ. ಇವನ್ನು ಬರೆದುಕೊಟ್ಟವರಲ್ಲಿ ಅನೇಕರು ಗುಬ್ಬಿಯ ಕಡೆಯಿಂದ ರೈಲಿನಲ್ಲಿಯೂ ಕುಣಿಗಲ್ಲಿನ ಕಡೆಯಿಂದ ಬಸ್ಸಿನಲ್ಲಿಯೂ ದಿನವೂ ಬಂದು ಹೋಗುವವರು. ಅವರಲ್ಲಿ ಯಾರೂ ರಾಕೆಟ್ಟನ್ನು ಹಾರಿಸಿದವರಲ್ಲ. ಷೇರು ಪೇಟೆಯಲ್ಲಿ ಹಣ ಹೂಡಿದವರೂ ಅಲ್ಲ. ಜೀವನದಲ್ಲಿ ಯಶಸ್ಸು ಬರುವುದೋ ಇಲ್ಲವೋ ಎಂಬುದು ಇನ್ನು ಮುಂದೆ ತಿಳಿಯಬೇಕಾದ ವಯಸ್ಸು ಅವರದು. ಆದರೆ ಇದೇ ವಿದ್ಯಾರ್ಥಿಗಳು ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುನ್ನ ಹಾಲು ಕರೆದು, ಪಂಪಿಗೆ ನೀರು ತುಂಬಿಸಿ ಮೋಟಾರು ಹಾಕಿ, ಅಡಕೆಯನ್ನು ಬಿಸಿಲಿಗೆ ಹರವಿ ಬಂದಿರುತ್ತಾರೆ. ಈ ಕೆಲಸಗಳಲ್ಲಿ ಒಂದೂ ಪಟ್ಟಿಯಲ್ಲಿ ಇರಲಿಲ್ಲ. ಇದಕ್ಕೆ ಕಾರಣವೇನು, ಇದರಿಂದ ಆಗುವ ನಷ್ಟವೇನು ಎಂಬುದನ್ನು ವಿದ್ಯಾರ್ಥಿ ಮಿತ್ರರೊಡನೆ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಇತರರನ್ನು ಟೀಕಿಸುವುದಕ್ಕೆ ಮೊದಲು ನಮ್ಮ ಕಥೆಯನ್ನು ಹೇಳಿಬಿಡುವುದು ನ್ಯಾಯ. ನಾವು ವಿದ್ಯಾರ್ಥಿಗಳಾಗಿದ್ದಾಗ ಇಂಥದೇ ಭಾಷಣವನ್ನು ಮಾಡಬೇಕಾಗಿ ಬಂದಿತು. ನಾವು ಆರಿಸಿಕೊಂಡ ವಿಷಯ ‘ದೂರದರ್ಶಕವನ್ನು ತಯಾರಿಸುವುದು ಹೇಗೆ’ ಎಂಬುದು. ಎರಡು ಪುಸ್ತಕಗಳಿಂದ ಟಿಪ್ಪಣಿ ಮಾಡಿಕೊಂಡು, ಬಾಯಿಪಾಠ ಮಾಡಿ, ವೇದಿಕೆಯ ಮೇಲೆ ನಿಂತೆವು. ಎರಡು ನಿಮಿಷ ಎಲ್ಲವೂ ಸರಾಗವಾಗಿ ಸಾಗಿತು. ಮೂರನೆಯ ನಿಮಿಷದಲ್ಲಿ ಹಿಂದಿನ ಬೆಂಚಿನ ಗೆಳೆಯನೊಬ್ಬನು ಎದ್ದು, ‘ಮಸೂರವನ್ನು ಎಲ್ಲಿಂದ ತಂದೆ? ಎಷ್ಟಾಯಿತು?’ ಎಂದು ಕೇಳಿದನು. ಅವನು ಹಾಸ್ಯಕ್ಕೆ ಕೇಳಲಿಲ್ಲ. ತಾನೂ ಒಂದು ದೂರದರ್ಶಕವನ್ನು ಮಾಡಬೇಕೆಂದು ಆಸೆಪಟ್ಟು ಕೇಳಿದನು. ಮಸೂರವನ್ನು ನಾವು ಎಲ್ಲಿಂದಲೂ ತಂದಿರಲಿಲ್ಲ. ಉತ್ತರ ತೋಚದೆ ನಿಂತಾಗ ಬಾಯಿಪಾಠವಾಗಿದ್ದ ಮುಂದಿನ ವಾಕ್ಯವೂ ಮರೆತುಹೋಯಿತು. ತಲೆ ತಗ್ಗಿಸಿ ಬಂದು ಕುಳಿತೆವು.

ಆದರೆ ಆ ದಿನ ನಮಗೆ ಚೆನ್ನಾಗಿ ಬರುತ್ತಿದ್ದ ಕೆಲಸವೊಂದು ಇದ್ದೇ ಇತ್ತು. ಪ್ರೌಢಶಾಲೆಯ ದಿನಗಳಿಂದಲೂ ಮನೆಯ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದವರು ನಾವೇ. ಟ್ಯೂಬಿಗೆ ಗಾಳಿ ತುಂಬಿ ನೀರಿನ ಬೋಗುಣಿಯಲ್ಲಿ ಅದ್ದಿದರೆ ಗುಳ್ಳೆಗಳು ಏಳುವ ಜಾಗವೇ ತೂತು. ಆ ಜಾಗವನ್ನು ಒರೆಸಿ, ಉಜ್ಜುಕಾಗದದಿಂದ ತಿಕ್ಕಿ, ಸಲ್ಯೂಷನ್ ಹಚ್ಚಬೇಕು. ಹಚ್ಚಿದೊಡನೆ ತೇಪೆಯನ್ನು ಒತ್ತಿಬಿಡುವುದು ಎಲ್ಲರೂ ಮಾಡುವ ತಪ್ಪು. ಕೆಲವು ನಿಮಿಷ ಕಾದು, ಅದರಲ್ಲಿರುವ ದ್ರಾವಕ ಆವಿಯಾಗಿ ಹೋಗಿ, ಮುಟ್ಟಿದರೆ ಬೆರಳಿಗೆ ತುಸು ಅಂಟುವಷ್ಟು ಒಣಗಿದ ಮೇಲೆ ತೇಪೆಯನ್ನು ಇಡಬೇಕು. ಈ ಕಾಯುವಿಕೆಯನ್ನು ನಾವು ಕಲಿತುದು ಐದಾರು ತೇಪೆಗಳು ಕಿತ್ತುಬಂದ ಮೇಲೆ. ಇಷ್ಟೆಲ್ಲ ತಿಳಿದಿದ್ದರೂ ಅದು ಭಾಷಣಕ್ಕೆ ಯೋಗ್ಯವಾದ ವಿಷಯವೆಂದು ನಮಗೆ ಹೊಳೆಯಲೇ ಇಲ್ಲ. ಪಂಕ್ಚರ್ ಅಂಗಡಿಯ ಕೆಲಸವನ್ನು ಕಾಲೇಜಿನ ವೇದಿಕೆಯ ಮೇಲೆ ಹೇಳುವುದೆಂದರೆ ಏನು!

ಈಗ ಅಧ್ಯಾಪಕರಾಗಿ ನಾವು ಕಾಣುತ್ತಿರುವುದೂ ಇದೇ ಮನೋಭಾವವನ್ನು. ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಉಪಗ್ರಹವನ್ನು ಉಡಾಯಿಸುವ ವಿಷಯವನ್ನು ಬರೆದುಕೊಟ್ಟಿದ್ದಳು. ಬೇರೆ ಏನಾದರೂ ಇದೆಯೇ ಎಂದು ಕೇಳಿದುದಕ್ಕೆ, ‘ನನಗೆ ಬೇರೆ ಏನೂ ಬರುವುದಿಲ್ಲ ಸಾರ್’ ಎಂದಳು.

‘ರಜೆಯಲ್ಲಿ ಮನೆಯಲ್ಲಿ ಏನು ಮಾಡುತ್ತೀಯಮ್ಮ?’

‘ಅಟ್ಟದಿಂದ ಕಾಯಿ ಇಳಿಸುತ್ತೇವೆ ಸಾರ್. ಅಜ್ಜಿ ಅಲ್ಲಾಡಿಸಿ ನೋಡಿ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳುತ್ತಾರೆ. ಈಗ ನಾನೂ ಹೇಳುತ್ತೇನೆ. ಅದೆಲ್ಲ ಭಾಷಣಕ್ಕೆ ಆಗುತ್ತದೆಯೇ?’

ಆಗುತ್ತದೆ ಎಂದು ಹೇಳಿ ಕಳುಹಿಸಿದೆವು. ಮುಂದಿನ ವಾರ ಅವಳು ಒಂದು ಚೀಲದಲ್ಲಿ ಮೂರು ಕಾಯಿಗಳನ್ನು ತಂದಳು: ಒಂದು ಎಳನೀರು, ಒಂದು ಬಲಿತ ಕಾಯಿ, ಒಂದು ವರ್ಷ ಅಟ್ಟದ ಮೇಲಿದ್ದ ಕೊಬ್ಬರಿ ಕಾಯಿ. ಒಂದೊಂದನ್ನೂ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ಎಳನೀರು ಸದ್ದು ಮಾಡಲಿಲ್ಲ. ಬಲಿತ ಕಾಯಿಯಲ್ಲಿ ನೀರು ತುಳುಕುವ ಸದ್ದಾಯಿತು. ಮೂರನೆಯದು ಗಡಗಡ ಎಂದಿತು. ಅನಂತರ ವಿವರಣೆ. ಗುಬ್ಬಿ, ತಿಪಟೂರುಗಳ ಕಡೆ ಗಿಟುಕು ಕೊಬ್ಬರಿಗಾಗಿ ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಡುತ್ತಾರೆ. ಒಳಗಿನ ನೀರು ಕ್ರಮೇಣ ಇಂಗುತ್ತದೆ. ತಿರುಳು ಒಣಗಿ, ಕುಗ್ಗಿ, ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಬಿಡಿಸಿಕೊಂಡ ಗಿಟುಕು ಚಿಪ್ಪಿಗೆ ಬಡಿಯುವುದೇ ಆ ಗಡಗಡ ಸದ್ದು. ಕಾಯಿಯನ್ನು ಒಡೆಯದೆ ಅದರ ಒಳಗನ್ನು ತಿಳಿಯುವ ವಿಧಾನವಿದು.

ಆಗ ನಗರದ ವಿದ್ಯಾರ್ಥಿಯೊಬ್ಬನು, ‘ಎಳನೀರಿನಲ್ಲೇ ನೀರು ಹೆಚ್ಚು. ಅದೇಕೆ ಸದ್ದು ಮಾಡುವುದಿಲ್ಲ?’ ಎಂದು ಕೇಳಿದನು. ಅವಳು ಒಂದು ಕ್ಷಣ ಯೋಚಿಸಿ, ‘ತುಂಬಿದ ಕೊಡ ತುಳುಕುವುದಿಲ್ಲವಲ್ಲ, ಹಾಗೆ. ತುಳುಕಲು ಒಳಗೆ ಜಾಗ ಇರಬೇಕು’ ಎಂದಳು. ತರಗತಿ ಚಪ್ಪಾಳೆ ತಟ್ಟಿತು. ಗಾದೆಯಲ್ಲಿ ಅಡಗಿದ್ದ ಭೌತಶಾಸ್ತ್ರ ಅಂದು ಹೊರಗೆ ಬಂದಿತು. ಆಕೆ ನಾಲ್ಕನೆಯ ಕಾಯಿಯೊಂದನ್ನು ಚೀಲದಿಂದ ತೆಗೆದು ನಮ್ಮ ಕೈಗೇ ಕೊಟ್ಟಳು. ಅಲ್ಲಾಡಿಸಿ, ಕೊಬ್ಬರಿಯಾಗಿದೆ ಎಂದೆವು. ಒಡೆದು ನೋಡಿದರೆ ತಿರುಳಿನ ಒಂದು ಭಾಗ ಇನ್ನೂ ಚಿಪ್ಪಿಗೆ ಅಂಟಿಕೊಂಡಿತ್ತು. ವರ್ಷವರ್ಷವೂ ಧ್ವನಿಯ ಪಾಠವನ್ನು ಮಾಡುವ ನಮ್ಮ ಕಿವಿಗಿಂತ ಅವಳ ಅಜ್ಜಿಯ ಕಿವಿ ಹೆಚ್ಚು ಪಳಗಿದುದೆಂಬುದನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಇಂಥ ವಿಷಯವನ್ನು ಕೈಯಲ್ಲಿಟ್ಟುಕೊಂಡೂ ವಿದ್ಯಾರ್ಥಿಗಳು ಉಪಗ್ರಹವನ್ನು ಹುಡುಕಿಕೊಂಡು ಹೋಗುವುದಕ್ಕೆ ಎರಡು ಕಾರಣಗಳು ನಮಗೆ ತೋರುತ್ತವೆ. ಮೊದಲನೆಯದು ನಾಚಿಕೆ. ಮನೆಯಲ್ಲಿ ಮಾಡುವ ಕೆಲಸ ವಿದ್ಯೆಯಲ್ಲ, ಪುಸ್ತಕದಲ್ಲಿಯೋ ಫೋನಿನ ಪರದೆಯ ಮೇಲೋ ಕಾಣುವುದು ಮಾತ್ರ ವಿದ್ಯೆ ಎಂಬ ಭಾವನೆ ಚಿಕ್ಕಂದಿನಿಂದಲೇ ಬೇರೂರಿರುತ್ತದೆ. ಎರಡನೆಯ ಕಾರಣ ಇದಕ್ಕಿಂತ ಸೂಕ್ಷ್ಮವಾದುದು. ಅದು ಭಾಷೆಗೆ ಸಂಬಂಧಪಟ್ಟುದು. ಈ ಅಭ್ಯಾಸವನ್ನು ಬಹುಮಟ್ಟಿಗೆ ಇಂಗ್ಲಿಷ್ ತರಗತಿಯಲ್ಲಿ ಕೊಡುತ್ತಾರೆ. ಅಟ್ಟ, ಗಿಟುಕು, ಬಾಳೆನಾರು, ಇವುಗಳಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂಬುದು ವಿದ್ಯಾರ್ಥಿಗೆ ತಿಳಿಯದು. ರಾಕೆಟ್ಟಿಗೆ ಬೇಕಾದ ಇಂಗ್ಲಿಷ್ ವಾಕ್ಯಗಳಾದರೋ ಸಿದ್ಧವಾಗಿ ದೊರೆಯುತ್ತವೆ. ಹೀಗೆ, ತನಗೆ ತಿಳಿದಿರುವ ವಿಷಯವನ್ನು ಬಿಟ್ಟು, ಪದಗಳು ಸಿಕ್ಕುವ ವಿಷಯವನ್ನು ಅವನು ಆರಿಸಿಕೊಳ್ಳುತ್ತಾನೆ. ಇದನ್ನು ಸೋಮಾರಿತನವೆಂದು ಬೈಯುವುದು ತಪ್ಪು. ಪದಗಳಿಲ್ಲದ ಕಡೆಗೆ ಕಾಲಿಡುವುದಕ್ಕೆ ಯಾರಾದರೂ ಅಂಜುತ್ತಾರೆ.

ನಾಚಿಕೆಯ ವಿಷಯವನ್ನು ಮೊದಲು ನೋಡೋಣ. ಮೈಕೇಲ್ ಫ್ಯಾರಡೆಯ ಹೆಸರನ್ನು ವಾಚಕರು ಬಲ್ಲರು. ವಿದ್ಯುತ್ತಿನ ಜನಕಯಂತ್ರಕ್ಕೆ ಆಧಾರವಾದ ತತ್ತ್ವವನ್ನು 1831ರಲ್ಲಿ ಕಂಡುಹಿಡಿದ ಮಹಾವಿಜ್ಞಾನಿ ಆತ. ತಂದೆ ಕಮ್ಮಾರ. ತಾನು ಹುಡುಗನಾಗಿದ್ದಾಗ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತವನು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎಳೆಯರಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು 1825ರಲ್ಲಿ ಆರಂಭವಾದುವು. ಮುಂದೆ ಫ್ಯಾರಡೆಯೇ ಅನೇಕ ವರ್ಷ ಅವನ್ನು ನಡೆಸಿದನು. 1860ರ ಕೊನೆಯಲ್ಲಿ ಅವನು ಆರಿಸಿಕೊಂಡ ವಿಷಯ ಯಾವುದು? ತಾನೇ ಕಂಡುಹಿಡಿದ ವಿದ್ಯುತ್ತಿನ ನಿಯಮಗಳಲ್ಲ, ಮೇಣದ ಬತ್ತಿ! ಕರಗಿದ ಮೇಣ ಬತ್ತಿಯ ಎಳೆಗಳಲ್ಲಿ ಏಕೆ ಮೇಲೇರುತ್ತದೆ, ಜ್ವಾಲೆಯ ಮೇಲೆ ತಣ್ಣನೆಯ ಪಾತ್ರೆಯನ್ನು ಹಿಡಿದರೆ ನೀರಿನ ಹನಿ ಎಲ್ಲಿಂದ ಬರುತ್ತದೆ ಎಂದು ಒಂದೊಂದನ್ನೇ ಮಾಡಿ ತೋರಿಸುತ್ತ, ಆರು ಉಪನ್ಯಾಸಗಳ ಕೊನೆಗೆ, ಮೇಣದ ಬತ್ತಿಯ ಉರಿಯುವಿಕೆಗೂ ನಮ್ಮ ಉಸಿರಾಟಕ್ಕೂ ಇರುವ ಸಾಮ್ಯದವರೆಗೆ ಕೇಳುವವರನ್ನು ಕರೆದೊಯ್ದನು. ಅವು 1861ರಲ್ಲಿ ಪುಸ್ತಕವಾಗಿ ಬಂದುವು. ಇಂದಿಗೂ ಅದನ್ನು ಓದುವವರಿದ್ದಾರೆ. ಕ್ಷುದ್ರವೆನ್ನಿಸುವ ವಸ್ತುವಿನಿಂದ ಹೊರಟರೆ ವಿಜ್ಞಾನದ ಘನತೆ ಕಡಿಮೆಯಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಮೇಣದ ಬತ್ತಿಗೆ ಸಂದ ಮರ್ಯಾದೆ ತೆಂಗಿನಕಾಯಿಗೂ ಸಲ್ಲಬೇಡವೆ?

ಹಾಗಾದರೆ ಮನೆಯ ಕೆಲಸವೆಲ್ಲವೂ ಒಳ್ಳೆಯ ವಿಷಯವೇ? ಅಲ್ಲ. ವಿಷಯವನ್ನು ಒರೆಗೆ ಹಚ್ಚಿ ನೋಡುವುದಕ್ಕೆ ನಾಲ್ಕು ಪ್ರಶ್ನೆಗಳನ್ನು ನಾವು ವಿದ್ಯಾರ್ಥಿಗಳಿಗೆ ಸೂಚಿಸುತ್ತೇವೆ.

ಮೊದಲನೆಯ ಪ್ರಶ್ನೆ: ಈ ಕೆಲಸವನ್ನು ನೀವು ನಿಮ್ಮ ಕೈಯಿಂದಲೇ ಮಾಡಿದ್ದೀರಾ, ಮತ್ತು ಒಮ್ಮೆಯಾದರೂ ಕೆಡಿಸಿದ್ದೀರಾ? ಎರಡನೆಯ ಭಾಗವೇ ಮುಖ್ಯ. ಸರಿಯಾದ ಕ್ರಮವನ್ನು ಪುಸ್ತಕವೂ ಹೇಳುತ್ತದೆ. ಎಲ್ಲಿ ಕೈ ತಪ್ಪುತ್ತದೆ, ತಪ್ಪಿದರೆ ಏನಾಗುತ್ತದೆ, ತಪ್ಪನ್ನು ಹೇಗೆ ಗುರುತಿಸಬೇಕು ಎಂಬುದನ್ನು ಹೇಳಬಲ್ಲವನು ಕೆಡಿಸಿ ಕಲಿತವನು ಮಾತ್ರ. ಕೇಳುವವರು ಕೇಳುವ ಪ್ರಶ್ನೆಗಳೂ ಅಲ್ಲಿಯೇ ಹುಟ್ಟುತ್ತವೆ.

ಎರಡನೆಯ ಪ್ರಶ್ನೆ: ಐದು ನಿಮಿಷಗಳಲ್ಲಿ ಇದು ಮುಗಿಯುತ್ತದೆಯೇ? ನಿಧಾನವಾಗಿ, ಕೈಯಿಂದ ಕೆಲಸ ಮಾಡುತ್ತ ಮಾತನಾಡುವವನು ನಿಮಿಷಕ್ಕೆ ಸುಮಾರು ನೂರು ಪದಗಳನ್ನು ಹೇಳಬಹುದು. ಐನೂರು ಪದಗಳಲ್ಲಿ ‘ತೆಂಗಿನ ತೋಟವನ್ನು ಬೆಳೆಸುವುದು ಹೇಗೆ’ ಎಂಬುದು ಹಿಡಿಯಲಾರದು. ‘ಕಾಯಿ ಕೊಬ್ಬರಿಯಾಗಿದೆಯೇ ಎಂದು ತಿಳಿಯುವುದು ಹೇಗೆ’ ಎಂಬುದು ಹಿಡಿಯುತ್ತದೆ. ವಿಷಯ ದೊಡ್ಡದಾಗಿ ಕಂಡರೆ ಅದರ ಒಂದು ಹೆಜ್ಜೆಯನ್ನು ಮಾತ್ರ ತೆಗೆದುಕೊಳ್ಳಿರಿ. ಕಾಲಾವಕಾಶ ಬೇಡುವ ಕೆಲಸವಾದರೆ ಬೇರೆಬೇರೆ ಹಂತಗಳಲ್ಲಿರುವ ವಸ್ತುಗಳನ್ನು ಮೊದಲೇ ಸಿದ್ಧಪಡಿಸಿ ತನ್ನಿರಿ. ಆ ವಿದ್ಯಾರ್ಥಿನಿ ಒಂದು ವರ್ಷದ ಕಾಲವನ್ನು ಮೂರು ಕಾಯಿಗಳ ರೂಪದಲ್ಲಿ ಚೀಲದಲ್ಲಿಟ್ಟು ತಂದಳಲ್ಲವೆ?

ಮೂರನೆಯ ಪ್ರಶ್ನೆ: ಕೊನೆಯ ಬೆಂಚಿನವನಿಗೆ ಇದು ಕಾಣುತ್ತದೆಯೇ, ಇಲ್ಲವೆ ಕೇಳುತ್ತದೆಯೇ? ಗುಬ್ಬಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1884ರಲ್ಲಿ ಸ್ಥಾಪಿತವಾದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿ ವೀರಣ್ಣನವರ ಕಾಲದಲ್ಲಿ ನಾಡನ್ನೆಲ್ಲ ಸುತ್ತಿತು. ‘ಕುರುಕ್ಷೇತ್ರ’ ನಾಟಕದಲ್ಲಿ ಆನೆಯನ್ನೇ ರಂಗದ ಮೇಲೆ ತಂದಿತು. ಯುದ್ಧವನ್ನು ಬರಿಯ ಮಾತಿನಲ್ಲಿ ವರ್ಣಿಸುವುದಕ್ಕೂ ಆನೆಯನ್ನು ತಂದು ನಿಲ್ಲಿಸುವುದಕ್ಕೂ ಇರುವ ಅಂತರ ದೊಡ್ಡದು. ತರಗತಿಗೆ ಆನೆಯನ್ನು ತರಬೇಕಾಗಿಲ್ಲ. ಆದರೆ ಸೂಜಿಗೆ ದಾರ ಪೋಣಿಸುವುದನ್ನು ಅರವತ್ತು ಮಂದಿಗೆ ತೋರಿಸಲಾಗದು. ಹೂ ಕಟ್ಟುವುದನ್ನು ತೋರಿಸಬಹುದು, ಬಾಳೆನಾರಿನ ಬದಲು ದಪ್ಪ ಹಗ್ಗವನ್ನೂ ಮಲ್ಲಿಗೆಯ ಬದಲು ದೊಡ್ಡ ಹೂಗಳನ್ನೂ ಹಿಡಿದರೆ.

ನಾಲ್ಕನೆಯ ಪ್ರಶ್ನೆ: ಇದರ ಒಳಗೆ ಒಂದು ‘ಏಕೆ’ ಇದೆಯೇ? ಇದಿಲ್ಲದ ಭಾಷಣ ಬರಿಯ ಆಜ್ಞೆಗಳ ಪಟ್ಟಿಯಾಗುತ್ತದೆ. ಹೂ ಕಟ್ಟುವವಳು ಬಾಳೆನಾರನ್ನು ಮೊದಲು ನೀರಿನಲ್ಲಿ ನೆನೆಸುವುದೇಕೆ? ಒಣಗಿದ ನಾರು ಬಿರುಸಾಗಿದ್ದು ಮಡಿಸಿದರೆ ಮುರಿಯುತ್ತದೆ. ನೆನೆದುದು ಮೆದುವಾಗಿ ಕಾಂಡಗಳಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಗಂಟನ್ನು ಹಿಡಿದಿಟ್ಟಿರುವ ಶಕ್ತಿ ಯಾವುದು? ಘರ್ಷಣೆ. ಪಾಠದಲ್ಲಿ ನಷ್ಟದ ಬಾಬತ್ತೆಂದು ನಾವು ಎಣಿಸುವ ಘರ್ಷಣೆ ಇಲ್ಲದಿದ್ದರೆ ಮಾಲೆಯಲ್ಲಿ ಒಂದು ಹೂವೂ ನಿಲ್ಲದು. ತುಮಕೂರಿನ ಪೇಟೆಯಲ್ಲಿ ಹೂ ಮಾರುವವರ ಮನೆಯ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೆ? ಹೊಲಗದ್ದೆಗಳಿಲ್ಲದ ನಗರವಾಸಿಗಳು ತಮಗೆ ವಿಷಯವಿಲ್ಲವೆಂದು ಕೊರಗಬೇಕಾಗಿಲ್ಲ.

ಈ ನಾಲ್ಕು ಪ್ರಶ್ನೆಗಳಿಗೂ ಉತ್ತರ ಕೊಟ್ಟ ಇನ್ನೊಂದು ಭಾಷಣವನ್ನು ಇಲ್ಲಿ ಹೇಳಬೇಕು. ಕುಣಿಗಲ್ ಕಡೆಯ ವಿದ್ಯಾರ್ಥಿಯೊಬ್ಬನು ಕೃಷಿ ಹೊಂಡದಿಂದ ನೀರೆತ್ತುವ ಪಂಪನ್ನು ಹೊರಡಿಸುವುದು ಹೇಗೆ ಎಂಬುದನ್ನು ಆರಿಸಿಕೊಂಡನು. ಪಂಪನ್ನು ತರಗತಿಗೆ ತರುವಂತಿಲ್ಲ. ಅವನು ತಂದುದು ಒಂದು ಹಳೆಯ ಫುಟ್‌ವಾಲ್ವ್, ಒಂದು ಮೊಳದಷ್ಟು ಪಾರದರ್ಶಕವಾದ ಕೊಳವೆ, ಒಂದು ಬಕೆಟ್ಟು. ಕೊಳವೆಯ ತುದಿಗೆ ವಾಲ್ವನ್ನು ಸಿಕ್ಕಿಸಿ, ಮೇಲಿನಿಂದ ನೀರು ತುಂಬಿ, ಎತ್ತಿ ಹಿಡಿದನು; ನೀರು ಇಳಿಯಲಿಲ್ಲ. ಅನಂತರ ವಾಲ್ವಿನ ಬಾಯಿಗೆ ಒಂದು ಕಡ್ಡಿಯ ಚೂರನ್ನು ಸಿಕ್ಕಿಸಿ ಮತ್ತೆ ತುಂಬಿದನು, ನೀರೆಲ್ಲ ಸೋರಿಹೋಯಿತು. ‘ಬೆಳಿಗ್ಗೆ ಪಂಪು ಗಾಳಿ ಎಳೆಯುತ್ತಿದೆ ಎಂದು ನಮ್ಮಪ್ಪ ಬೈಯುವುದು ಈ ಕಡ್ಡಿಗೆ’ ಎಂದನು. ನೀರಿಲ್ಲದೆ ಪಂಪು ಎಷ್ಟು ತಿರುಗಿದರೂ ಏಕೆ ಎತ್ತಲಾರದು? ಪಂಪಿನ ಚಕ್ರ ತಾನು ಬೀಸಿ ಎಸೆಯುವ ವಸ್ತುವಿನ ಸಾಂದ್ರತೆಗೆ ತಕ್ಕಂತೆ ಒತ್ತಡವನ್ನು ಉಂಟುಮಾಡುತ್ತದೆ. ಗಾಳಿಗಿಂತ ನೀರು 800 ಪಟ್ಟಿಗೂ ಹೆಚ್ಚು ಸಾಂದ್ರ. ಆದುದರಿಂದ ಗಾಳಿಯನ್ನು ಬೀಸುವ ಚಕ್ರದಿಂದ ಹುಟ್ಟುವ ಸೆಳೆತ ನೀರನ್ನು ಮೇಲೆತ್ತುವುದಕ್ಕೆ ಏನೂ ಸಾಲದು.

ಅಂದು ಹುಟ್ಟಿದ ಚರ್ಚೆ ಇನ್ನೂ ಮುಂದೆ ಹೋಯಿತು. ಹೊಂಡದ ನೀರು ಪಂಪಿಗಿಂತ ಎಷ್ಟು ಕೆಳಗಿರಬಹುದು? ವಾಯುಮಂಡಲದ ಒತ್ತಡ ಸಮುದ್ರ ಮಟ್ಟದಲ್ಲಿ ಹೆಚ್ಚೆಂದರೆ 10.3 ಮೀಟರ್ ಎತ್ತರದ ನೀರನ್ನು ಹಿಡಿದು ನಿಲ್ಲಿಸಬಲ್ಲದು. ತುಮಕೂರು ಸಮುದ್ರ ಮಟ್ಟದಿಂದ ಸುಮಾರು 820 ಮೀಟರ್ ಮೇಲಿದೆ. ಇಲ್ಲಿ ಆ ಎತ್ತರ ಸುಮಾರು 9.4 ಮೀಟರಿಗೆ ಇಳಿಯುತ್ತದೆ. ಕೊಳವೆಯ ನಷ್ಟ ಮೊದಲಾದುವನ್ನು ಕಳೆದರೆ ವ್ಯವಹಾರದಲ್ಲಿ ಆರೇಳು ಮೀಟರು. ಇದೇ ಕಾರಣದಿಂದ ನಮ್ಮೂರಿನಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಲ್ಲ, ಸುಮಾರು 97 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ದೇವರಾಯನದುರ್ಗದ ಮೇಲೆ ಇನ್ನೂ ಒಂದು ಡಿಗ್ರಿಯಷ್ಟು ಕಡಿಮೆ. ಪ್ರಯೋಗಶಾಲೆಯಲ್ಲಿ 97 ಎಂದು ಓದಿದ ವಿದ್ಯಾರ್ಥಿ ಥರ್ಮಾಮೀಟರ್ ಕೆಟ್ಟಿದೆಯೆಂದು ಭಾವಿಸಿ, ಪುಸ್ತಕಕ್ಕೆ ಹೆದರಿ, ದಾಖಲೆಯಲ್ಲಿ 100 ಎಂದು ಬರೆಯುವುದನ್ನು ನಾವು ಕಂಡಿದ್ದೇವೆ. ‘ಥರ್ಮಾಮೀಟರನ್ನು ತುಮಕೂರಿನಲ್ಲಿ ಪರೀಕ್ಷಿಸುವುದು ಹೇಗೆ’ ಎಂಬುದು ಭಾಷಣಕ್ಕೆ ಸೊಗಸಾದ ವಿಷಯ. ತನ್ನ ಕಣ್ಣು ಕಂಡುದನ್ನು ನಂಬುವ ಧೈರ್ಯವನ್ನು ಅದು ಕಲಿಸುತ್ತದೆ.

ಕುಣಿಗಲ್ ತಾಲ್ಲೂಕಿನಲ್ಲಿ ಇನ್ನೊಂದು ವಿಷಯವೂ ಕಾದು ಕುಳಿತಿದೆ. ಜನಪದರ ಹಾಡಿನಿಂದ ಹೆಸರಾದ ಕುಣಿಗಲ್ ಕೆರೆಯನ್ನು ಎಲ್ಲರೂ ಬಲ್ಲರು. ಅದೇ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿರುವ ಮಾರ್ಕೋನಹಳ್ಳಿ ಅಣೆಕಟ್ಟಿನಲ್ಲಿ ತಾನಾಗಿ ಕೆಲಸ ಮಾಡುವ ಸೈಫನ್‌ಗಳಿವೆ. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಅವು ಹರಿಯತೊಡಗುತ್ತವೆ. ಮಟ್ಟ ಇಳಿದು ಗಾಳಿ ಒಳಹೊಕ್ಕಾಗ ನಿಲ್ಲುತ್ತವೆ. ಬಾಗಿಲನ್ನು ಎತ್ತಿ ಇಳಿಸುವವರು ಬೇಕಿಲ್ಲ. ಇದನ್ನು ತೋರಿಸುವುದಕ್ಕೆ ಬೇಕಾದುದು ಒಂದು ಪ್ಲಾಸ್ಟಿಕ್ ಲೋಟ, ಬಾಗುವ ಒಂದು ಹೀರುಗೊಳವೆ, ತುಸು ಮೇಣ. ಲೋಟದ ತಳದಲ್ಲಿ ತೂತು ಮಾಡಿ, ಕೊಳವೆಯ ಉದ್ದನೆಯ ಕಾಲು ತಳದಿಂದ ಹೊರಗೂ ಬಾಗಿದ ಚಿಕ್ಕ ಕಾಲು ಲೋಟದ ಒಳಗೂ ಇರುವಂತೆ ಸಿಕ್ಕಿಸಿ, ತೂತಿನ ಸುತ್ತ ಮೇಣವನ್ನು ಮೆತ್ತಿರಿ. ನೀರನ್ನು ಹೊಯ್ಯುತ್ತ ಹೋದರೆ ಬಾಗು ಮುಳುಗುವವರೆಗೂ ಒಂದು ಹನಿಯೂ ಹೊರಬಾರದು. ಬಾಗು ಮುಳುಗಿತೆಂದರೆ, ಒಳಗಿನ ಕಾಲಿನ ಬಾಯಿಯವರೆಗೂ ನೀರೆಲ್ಲ ಬಸಿದುಹೋಗುತ್ತದೆ. ಐದು ನಿಮಿಷದ ಭಾಷಣವೊಂದರಿಂದ ಅಣೆಕಟ್ಟಿನ ರಹಸ್ಯ ತಿಳಿಯಿತೆಂದರೆ, ಮುಂದಿನ ಸಲ ಆ ದಾರಿಯಲ್ಲಿ ಹೋಗುವವನು ಅಣೆಕಟ್ಟನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ.

ಬೇಡವಾದ ವಿಷಯಗಳೂ ಕೆಲವಿವೆ. ಮನೆಯ ವಿದ್ಯುತ್ ಸಂಪರ್ಕವನ್ನು ಬಿಚ್ಚಿ ತೋರಿಸುವುದು, ಆಮ್ಲಗಳನ್ನು ಬೆರೆಸುವುದು, ಹಾವು ಹಿಡಿಯುವುದು, ಇವು ತರಗತಿಗೆ ಸಲ್ಲವು. ಕಾಯಿಲೆಗಳಿಗೆ ಮನೆಮದ್ದು ಹೇಳುವುದನ್ನೂ ಬಿಡಬೇಕು. ಹೇಳಿದವನು ಮರೆತರೂ ಕೇಳಿದವನು ಅದನ್ನು ಮಾಡಿ ನೋಡಿಯಾನು. ಕೇಳುವವನು ಅರ್ಧ ತಿಳಿದು ಮನೆಯಲ್ಲಿ ಮಾಡಿದರೂ ಅಪಾಯವಾಗದಂಥ ಕೆಲಸವನ್ನೇ ಆರಿಸಬೇಕೆಂಬುದು ನಮ್ಮ ನಿಯಮ.

ಇಲ್ಲಿ ನಮ್ಮ ಸಹೋದ್ಯೋಗಿಯೊಬ್ಬರು ಎತ್ತಿದ ಆಕ್ಷೇಪವನ್ನು ವಿಚಾರ ಮಾಡಬೇಕು. ‘ಹುಡುಗರು ಕಾಲೇಜಿಗೆ ಬರುವುದು ಹೊಸದನ್ನು ಕಲಿಯುವುದಕ್ಕೆ. ನೀವು ಅವರನ್ನು ಮತ್ತೆ ಅಟ್ಟಕ್ಕೂ ಹೊಂಡಕ್ಕೂ ಕಳುಹಿಸುತ್ತೀರಿ. ಹಳ್ಳಿಯವನು ಹಳ್ಳಿಯ ವಿಷಯವನ್ನೇ ಹೇಳಬೇಕೆಂಬುದು ಅವನನ್ನು ಕಟ್ಟಿಹಾಕಿದಂತಲ್ಲವೆ?’ ಎಂದರು. ಇದರಲ್ಲಿ ಸತ್ಯಾಂಶವುಂಟು. ರೈತನ ಮಗಳಿಗೆ ಉಪಗ್ರಹದ ಮೇಲೆ ಎಲ್ಲರಷ್ಟೇ ಹಕ್ಕಿದೆ. ಆ ಹಕ್ಕನ್ನು ನಾವು ಕಿತ್ತುಕೊಳ್ಳಬಯಸುವುದಿಲ್ಲ. ಆದರೆ ಬಾಯಿಪಾಠ ಮಾಡಿದ ಮಾತಿನಿಂದ ಉಪಗ್ರಹ ಹತ್ತಿರ ಬರುವುದಿಲ್ಲ. ಹೊಸ ವಿಷಯವೇ ಬೇಕೆಂದರೆ ಅದನ್ನು ಮೊದಲು ಮೂರು ಬಾರಿ ಮಾಡಿ, ಎರಡು ಬಾರಿ ಕೆಡಿಸಿ, ಅನಂತರ ಮಾತನಾಡಲಿ. ಒಳ್ಳೆಯ ಮಸೂರಗಳನ್ನು ತಂದು ದೂರದರ್ಶಕವನ್ನು ಕಟ್ಟಿದವನು ದೂರದರ್ಶಕದ ಮೇಲೆ ಮಾತನಾಡುವುದನ್ನು ಕೇಳುವುದಕ್ಕೆ ನಾವು ಸಂತೋಷದಿಂದ ಕುಳಿತುಕೊಳ್ಳುತ್ತೇವೆ. ನಮ್ಮ ವಾದ ಹಳೆಯ ವಿಷಯದ ಪರವಾದುದಲ್ಲ. ಮಾಡಿ ತಿಳಿದ ವಿಷಯದ ಪರವಾದುದು. ಅಂಥ ವಿಷಯ ಹೆಚ್ಚಿನ ವಿದ್ಯಾರ್ಥಿಗಳಿಗೆ ಮೊದಲು ದೊರೆಯುವುದು ಮನೆಯಲ್ಲಿ, ಅಷ್ಟೆ.

ಇನ್ನು ಭಾಷೆಯ ತೊಡಕು. ವಿಷಯವನ್ನು ಮೊದಲು ಕನ್ನಡದಲ್ಲಿ, ಮನೆಯಲ್ಲಿ ಆಡುವ ಮಾತಿನಲ್ಲಿಯೇ, ಆರಂಭದಿಂದ ಕೊನೆಯವರೆಗೆ ಹೇಳಿ ನೋಡಿರಿ. ಕೇಳಿದವರಿಗೆ ಅರ್ಥವಾದ ಮೇಲೆ ಇಂಗ್ಲಿಷಿಗೆ ತಿರುಗಿಸಿರಿ. ಇಂಗ್ಲಿಷ್ ಪದ ಸಿಕ್ಕದ ಕಡೆ ಕನ್ನಡದ ಪದವನ್ನೇ ಇಟ್ಟು, ವಸ್ತುವನ್ನು ಎತ್ತಿ ತೋರಿಸಿರಿ. ಮಾಡಿ ತೋರಿಸುವ ಭಾಷಣದ ಅನುಕೂಲವೇ ಇದು. ಅಧ್ಯಾಪಕ ಮಿತ್ರರಲ್ಲಿಯೂ ನಮ್ಮ ಒಂದು ಪ್ರಾರ್ಥನೆಯಿದೆ. ಅಂಕ ಕೊಡುವಾಗ ಉಚ್ಚಾರಣೆಯನ್ನೂ ವ್ಯಾಕರಣವನ್ನೂ ನೋಡುವಿರಷ್ಟೆ. ಭಾಷಣ ಮುಗಿದ ಮೇಲೆ ಕೇಳಿದವರಲ್ಲಿ ಒಬ್ಬರನ್ನು ಕರೆದು ಆ ಕೆಲಸವನ್ನು ಮಾಡಿಸಿಯೂ ನೋಡಿರಿ. ಅವರು ಮಾಡಬಲ್ಲವರಾದರೆ ಭಾಷಣ ಗೆದ್ದಿತು.

ತಿಳಿದುದನ್ನು ಕನ್ನಡದಲ್ಲಿ ಹೇಳುವ ಈ ಪ್ರಯತ್ನಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಬ್ಬ ಹಿರಿಯರ ಮಾದರಿ ಇದೆ. ತುಮಕೂರು ತಾಲ್ಲೂಕಿನ ಬೆಳ್ಳಾವಿಯ ಹೆಸರನ್ನು ತಮ್ಮ ಹೆಸರಿನೊಡನೆ ಧರಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದವರು. 1918ರಲ್ಲಿ ಅವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ನಡೆದುದು ಎರಡು ವರ್ಷ ಮಾತ್ರ. 1931ರಲ್ಲಿ ಪ್ರಕಟವಾದ ಪಂಪಭಾರತವನ್ನು ಸಂಪಾದಿಸಿದವರೂ ಇವರೇ. ಭೌತಶಾಸ್ತ್ರಕ್ಕೂ ಕನ್ನಡಕ್ಕೂ ನಡುವೆ ಗೋಡೆಯಿಲ್ಲವೆಂಬುದನ್ನು ಅವರು ಬಾಳಿ ತೋರಿಸಿದರು. ಪದಗಳೇ ಇಲ್ಲದ ಕಾಲದಲ್ಲಿ ಅವರು ಪದಗಳನ್ನು ಹುಡುಕಿದರು. ನಾವು ಇರುವ ಪದಗಳನ್ನು ಬಳಸುವುದಕ್ಕೆ ನಾಚಬಾರದು.

ಐದು ನಿಮಿಷದ ಭಾಷಣಕ್ಕೆ ಇಷ್ಟು ದೊಡ್ಡ ಮಾತೇಕೆ ಎಂದು ಯಾರಾದರೂ ಕೇಳಬಹುದು. ಕಾಯಿಯ ಸದ್ದನ್ನು ಕೇಳಿ ಒಳಗನ್ನು ತಿಳಿಯುವ ಅಜ್ಜಿ ಅದನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಮೊಮ್ಮಗಳು ಕೇಳದೆ ಹೋದರೆ ಆ ತಿಳಿವಳಿಕೆ ಅವರೊಡನೆಯೇ ಮುಗಿಯುತ್ತದೆ. ಕೇಳಿ, ಕಲಿತು, ಹತ್ತು ಮಂದಿಯ ಮುಂದೆ ‘ಹೀಗೆ ಮಾಡಬೇಕು, ಏಕೆಂದರೆ’ ಎಂದು ಹೇಳಿದ ದಿನ ಕೈಯ ಚಳಕ ಶಾಸ್ತ್ರವಾಗುತ್ತದೆ; ಹೇಳಿದವಳು ತನ್ನ ಮನೆಯನ್ನು ಕುರಿತು ತಲೆ ಎತ್ತಿ ಮಾತನಾಡುವುದನ್ನು ಕಲಿಯುತ್ತಾಳೆ. ಆ ವಿದ್ಯಾರ್ಥಿನಿ ತನ್ನ ಭಾಷಣದ ಮರುದಿನ ನಮ್ಮ ಬಳಿಗೆ ಬಂದು, ‘ತರಗತಿಯಲ್ಲಿ ಚಪ್ಪಾಳೆ ತಟ್ಟಿದರು ಎಂದು ಅಜ್ಜಿಗೆ ಹೇಳಿದೆ ಸಾರ್. ಯಾವ ಕಾಯಿಗೆ ಎಂದು ಕೇಳಿದರು’ ಎಂದಳು.

ವಿದ್ಯಾರ್ಥಿ ಮಿತ್ರರೆ, ಮುಂದಿನ ಬಾರಿ ವಿಷಯವನ್ನು ಬರೆದುಕೊಡಬೇಕಾದಾಗ ಫೋನನ್ನು ತೆರೆಯುವುದಕ್ಕೆ ಮೊದಲು ಒಂದು ಸಂಜೆ ಮನೆಯಲ್ಲಿ ಕುಳಿತು, ದೊಡ್ಡವರು ಮಾಡುತ್ತಿರುವ ಕೆಲಸವನ್ನು ನೋಡಿರಿ. ‘ಅದನ್ನು ಹಾಗೇಕೆ ಮಾಡುತ್ತೀರಿ?’ ಎಂದು ಒಂದು ಪ್ರಶ್ನೆಯನ್ನು ಕೇಳಿರಿ. ಉತ್ತರ ದೊರೆತರೆ ನಿಮ್ಮ ಭಾಷಣ ಅರ್ಧ ಸಿದ್ಧವಾಯಿತು. ಅವರಿಗೂ ಉತ್ತರ ತಿಳಿಯದಿದ್ದರೆ ಇನ್ನೂ ಒಳ್ಳೆಯದು. ಅದನ್ನು ಹುಡುಕುವ ಕೆಲಸ ನಿಮ್ಮದಾಗುತ್ತದೆ.